ಹಿಮಬಂಡಿ ಮತ್ತು ಆಕಾಶ ಕಾಣುವ ಜಾಗ

ಕಲ್ಲು ಮುಂದೆ, ನಾನು ಹಿಂದೆ

ನನಗಿಂತ ಮೊದಲು ಕೆನಡಾ ನೋಡಿದ್ದು ನನ್ನ ಕಲ್ಲು. ಶಹಾಬಾದಿನಲ್ಲಿ ನನ್ನದೊಂದು ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ ಇದೆ. ರಾವೂರಿನ ಗಣಿಯಿಂದ ಬಂದ ಹಾಸುಗಲ್ಲನ್ನು ಕೊಯ್ದು, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತೇವೆ. ಅದು ಯಾರ ಮನೆಯ ನೆಲವಾಗುತ್ತದೆ ಎಂದು ನಾನು ಎಂದೂ ವಿಚಾರಿಸಿದವನಲ್ಲ. ಮುಂಬೈ ವ್ಯಾಪಾರಿಯೊಬ್ಬರ ಮೂಲಕ ಒಂದಿಷ್ಟು ಕಲ್ಲು ಕೆನಡಾದ ಪಶ್ಚಿಮ ಬೆಟ್ಟಗಳ ನಡುವಿನ ಒಂದು ಪ್ರವಾಸಿ ವಸತಿಗೆ, ಚಳಿ ಕಾಯಿಸುವ ದೊಡ್ಡ ಒಲೆ ಕಟ್ಟಲು ಹೋಗಿತ್ತು. ಅಲ್ಲಿನ ಗೌಂಡಿಗಳು ಅದನ್ನು ಗ್ರಾನೈಟಿನಂತೆ ಹೊಡೆದರು. ನಮ್ಮ ಕಲ್ಲು ಪುಸ್ತಕದ ಹಾಳೆಯ ಹಾಗೆ ಪದರು ಪದರಾಗಿ ಬಿಚ್ಚಿಕೊಂಡಿತು. ವಸತಿಯ ಮಾಲೀಕ ವಾಲ್ಟರ್ ವಿಡಿಯೊ ಕರೆ ಮಾಡಿ ಒಡೆದ ಚೂರುಗಳನ್ನು ತೋರಿಸಿದಾಗ ನನಗೆ ಮಕ್ಕಳಿಗೆ ಪೆಟ್ಟಾದುದನ್ನು ಕಂಡಷ್ಟು ಸಂಕಟವಾಯಿತು. ಮೂರನೆಯ ಕರೆಯಲ್ಲಿ ಅವರು, "ಇನ್ನು ನೀವೇ ಬಂದು ಕೂರಿಸಿ" ಅಂದರು.

ನನ್ನ ಇಂಗ್ಲಿಷ್ ಕಲ್ಲಿನ ಅಳತೆ ಹೇಳುವಷ್ಟರಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಮೈನೋದ್ದೀನನನ್ನು ಜೊತೆಗೆ ಕರೆದೆ. ಅವನೂ ನಾನೂ ಒಂದೇ ಶಾಲೆಯಲ್ಲಿ ಕಲಿತವರು. ವಾಡಿ ಜಂಕ್ಷನ್ನಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವೈರ್‌ಲೆಸ್ ಮೆಕ್ಯಾನಿಕ್ ಆಗಿದ್ದು, ಹೋದ ವರ್ಷ ನಿವೃತ್ತನಾಗಿದ್ದ. ಕೇಳಿದ ಕೂಡಲೇ ಒಪ್ಪಿಕೊಂಡ.

"ಥಂಡಿ ಭಾಳ ಅದಂತ, ನಿನ್ನ ಮೊಣಕಾಲು ತಡೀತಾವೇನು?" ಎಂದು ಕೇಳಿದೆ.

"ಮೊಣಕಾಲಿಗಿ ಕೇಳಿ ಯಾರಾದ್ರೂ ವಿಮಾನ ಹತ್ತತಾರೇನೋ ಶರಣಾ?" ಅಂದ.

ಹೆಂಡತಿ ಕುರಕುಂಟಾದ ತವರಿನಿಂದ ತರಿಸಿದ ಜೋಳದ ಹಿಟ್ಟಿನಲ್ಲಿ ಕಡಕ್ ರೊಟ್ಟಿ ಮಾಡಿ ಒಂದು ಡಬ್ಬಿ ತುಂಬಿಕೊಟ್ಟಳು. ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ನನ್ನ ಉಳಿ, ಸುತ್ತಿಗೆ ಪೆಟ್ಟಿಗೆಯೊಳಗಿದ್ದವು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬಳು ಅವನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ಏನು ಕೆಲಸಕ್ಕೆ ಎಂದಳು. ಮೈನೋದ್ದೀನ ನನ್ನ ಪರವಾಗಿ, ಇವನು ಕಲ್ಲಿನ ವೈದ್ಯ, ಇಲ್ಲಿ ಒಂದು ಒಲೆಗೆ ಆಪರೇಷನ್ ಇದೆ ಎಂದು ವಿವರಿಸಿದ. ಆಕೆ ಸ್ವಲ್ಪವೂ ನಗದೆ, ಆಪರೇಷನ್ ಚೆನ್ನಾಗಿ ಆಗಲಿ ಎಂದು ಹಾರೈಸಿ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಮರಳಿ ಇಟ್ಟುಕೊಟ್ಟಳು.

ಎಲ್ಲಿಗೆ ಎಂದು ಕೇಳುವ ಮನೆ

ವಾಲ್ಟರ್ ಅವರ ವಸತಿ ಮರದ ದಿಮ್ಮಿಗಳಿಂದ ಕಟ್ಟಿದ ಎರಡು ಅಂತಸ್ತಿನ ಮನೆ. ಕಿಟಕಿಯ ಅರ್ಧದವರೆಗೆ ಹಿಮ ನಿಂತಿತ್ತು. ನಾನು ಕಂಡ ದೊಡ್ಡ ಬೆಟ್ಟವೆಂದರೆ ಚಿಂಚೋಳಿಯ ಗುಡ್ಡ. ಇಲ್ಲಿ ತಲೆ ಎತ್ತಿ ಟೋಪಿ ಬಿದ್ದಮೇಲೂ ಬೆಟ್ಟ ಮುಗಿದಿರಲಿಲ್ಲ.

ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ. ಹೊರಗೆ ಹೋಗುವವರು ಯಾರೇ ಇರಲಿ, ತಮ್ಮ ಹೆಸರು, ಹೋಗುವ ದಾರಿ, ಮರಳುವ ಹೊತ್ತು ಮೂರನ್ನೂ ಅದರ ಮೇಲೆ ಬರೆದೇ ಹೊಸ್ತಿಲು ದಾಟಬೇಕು. ಬರೆದ ಹೊತ್ತಿಗೆ ಬರದಿದ್ದರೆ ವಾಲ್ಟರ್ ಹುಡುಕಿಸುತ್ತಾರೆ. ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಅಪಶಕುನ. ಯಾರಾದರೂ ಬಾಯಿ ತಪ್ಪಿ ಕೇಳಿದರೆ ನನ್ನ ತಾಯಿ ನನ್ನನ್ನು ಒಳಗೆ ಕರೆದು, ನೀರು ಕುಡಿಸಿ, ಐದು ನಿಮಿಷ ಕೂಡಿಸಿ ಮತ್ತೆ ಕಳಿಸುತ್ತಿದ್ದಳು. ಇಲ್ಲಿ ಕೇಳದೆ ಬಿಡುವುದೇ ಅಪಶಕುನ. ಮೊದಲ ದಿನ ನಾನು ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಲು ಹೊರಟಾಗಲೂ ವಾಲ್ಟರ್ ಸೀಮೆಸುಣ್ಣ ಕೈಗಿಟ್ಟರು. "ಅಂಗಳ, ಹತ್ತು ನಿಮಿಷ" ಎಂದು ಬರೆದೆ. ಹನ್ನೊಂದನೆಯ ನಿಮಿಷಕ್ಕೆ ಅವರು ಬಾಗಿಲು ತೆಗೆದು ನೋಡಿದರು.

ಹಗಲೆಲ್ಲ ನಾನು ಕಲ್ಲಿನ ಅಂಚು ಸರಿಮಾಡುತ್ತಿದ್ದೆ. ಮೈನೋದ್ದೀನ ವಾಲ್ಟರ್ ಅವರ ಹಳೆಯ ರೇಡಿಯೊಗಳನ್ನು ಬಿಚ್ಚಿ ಜೋಡಿಸುತ್ತಿದ್ದ. ನಾಲ್ಕನೆಯ ದಿನ ಗಾರೆ ಒಣಗಲು ಬಿಡಬೇಕಾಯಿತು. ವಾಲ್ಟರ್, "ನಾಳೆ ರಜೆ. ಇಂಗ್ರಿಡ್ ನಿಮ್ಮನ್ನು ಹಿಮಬಂಡಿಯಲ್ಲಿ ಮೇಲಕ್ಕೆ ಕರೆದೊಯ್ಯುತ್ತಾರೆ" ಅಂದರು.

ಪಾಠದ ಬೆಳಗು

ಇಂಗ್ರಿಡ್ ಅರವತ್ತು ದಾಟಿದ ಹೆಂಗಸು. ತೆಳ್ಳಗಿನ ಮೈ, ಬಿಳಿ ಜಡೆ, ಬಿಸಿಲಿಗೆ ಸುಟ್ಟ ಮೂಗು. ಬೆಟ್ಟಕ್ಕೆ ಬಂದವರಿಗೆ ದಾರಿ ತೋರಿಸುವುದೇ ಅವರ ಕಸುಬು. ಬಂಡಿ ಹತ್ತಿಸುವ ಬದಲು ನಮ್ಮನ್ನು ಅಡುಗೆಮನೆಯ ಮೇಜಿನ ಮುಂದೆ ಕೂಡಿಸಿ ಐದು ಸಾಮಾನು ಸಾಲಾಗಿ ಇಟ್ಟರು. ಅವರ ದನಿ ಕೇಳಿದ ಕೂಡಲೇ ಮೈನೋದ್ದೀನ ಬೆನ್ನು ನೆಟ್ಟಗೆ ಮಾಡಿ, "ಅಕ್ಕೋರು ಬಂದ್ರು" ಎಂದು ಪಿಸುಗುಟ್ಟಿದ. ಶಾಲೆಯ ಟೀಚರಿಗೆ ನಾವು ಹಾಗೆಯೇ ಅನ್ನುವುದು. ಅಂದಿನಿಂದ ಅವರು ನಮಗೆ ಅಕ್ಕೋರೇ ಆದರು.

ಮೊದಲು ಮೊಬೈಲ್ ಎತ್ತಿ ತೋರಿಸಿ ಪಕ್ಕಕ್ಕೆ ಇಟ್ಟರು. ಮೊದಲ ತಿರುವಿನಾಚೆ ಟವರ್ ಇಲ್ಲ. ಈಗಿನ ಕೆಲವು ಫೋನುಗಳು ಉಪಗ್ರಹಕ್ಕೂ ಸಂದೇಶ ಕಳಿಸುತ್ತವೆಯಾದರೂ ಚಳಿಗೆ ಬ್ಯಾಟರಿ ಸತ್ತರೆ ಅದು ಬರೀ ಕನ್ನಡಿ. ಎರಡನೆಯದು ವಾಕಿಟಾಕಿ. ಹತ್ತಿರದವರೊಡನೆ ಮಾತಾಡಲು ಅದರಷ್ಟು ಸುಲಭವಾದದ್ದಿಲ್ಲ, ನಡುವೆ ಬೆಟ್ಟ ಬಂದರೆ ಮೂಗಿ. ಮೂರನೆಯದು ಎದೆಗೆ ಕಟ್ಟಿಕೊಳ್ಳುವ ಬೀಕನ್. ಹಿಮ ಕುಸಿದು ಮೇಲೆ ಬಿದ್ದರೆ ನಾವು ಎಲ್ಲಿ ಹೂತಿದ್ದೇವೆಂದು ಜೊತೆಗಾರರ ಬೀಕನ್ನಿಗೆ ಹೇಳುತ್ತದೆ, ಊರಿನವರಿಗೆ ಹೇಳುವುದಿಲ್ಲ. ನಾಲ್ಕನೆಯದು ಅಂಗೈಯಗಲದ ಸ್ಯಾಟಲೈಟ್ ಮೆಸೆಂಜರ್, ಟವರಿಲ್ಲದೆಯೂ ಯಾರ ಫೋನಿಗಾದರೂ ಸಂದೇಶ ಕಳಿಸುವಂಥದ್ದು. ಅದರ ಪಕ್ಕದಲ್ಲಿ ಮುಚ್ಚಳದ ಕೆಳಗೊಂದು ಗುಂಡಿ. ಪ್ರಾಣಕ್ಕೋ ಕೈಕಾಲಿಗೋ ಅಪಾಯವಾದರೆ ಮಾತ್ರ ಒತ್ತಬೇಕು. ಒತ್ತಿದರೆ ಸಂದೇಶ ಉಪಗ್ರಹದ ಮೂಲಕ ರಕ್ಷಣೆಯವರಿಗೆ ಮುಟ್ಟುತ್ತದೆ, ಅವರು ಬರೆದು ಉತ್ತರಿಸುತ್ತಾರೆ. ಐದನೆಯದು ಸೀಟಿ. ಅದಕ್ಕೆ ಬ್ಯಾಟರಿ ಬೇಡ, ಮೂರು ಸಲ ಊದಿದರೆ ಸಹಾಯ ಬೇಕು ಎಂದರ್ಥ.

"ಇವನ್ನೆಲ್ಲ ಬಂಡಿಗೆ ಕಟ್ಟಬಾರದು, ಮೈಮೇಲೆ ಇಟ್ಟುಕೊಳ್ಳಬೇಕು. ಬಿದ್ದಾಗ ಬಂಡಿ ಒಂದು ಕಡೆ, ನೀವು ಒಂದು ಕಡೆ ಹೋಗುತ್ತೀರಿ" ಎಂದು ಇಂಗ್ರಿಡ್ ಮುಗಿಸಿದರು.

ಮೈನೋದ್ದೀನನ ಪ್ರಶ್ನೆಗಳು ಆಗ ಶುರುವಾದವು. ಯಾವ ತರಂಗ, ಎಷ್ಟು ವಾಟ್, ಆಂಟೆನಾ ಯಾವ ಕಡೆ. ಇಂಗ್ರಿಡ್ ಒಂದೊಂದಕ್ಕೂ ಉತ್ತರ ಹೇಳಿದರು. ಚಹಾ ಆರಿತು, ಮತ್ತೆ ಬಿಸಿ ಮಾಡಿದರು, ಮತ್ತೆ ಆರಿತು.

ಆಮೇಲೆ ಪರೀಕ್ಷೆ. ಒಂದು ಬೀಕನ್ನನ್ನು ಚೀಲದಲ್ಲಿಟ್ಟು ಅಂಗಳದ ಹಿಮದಲ್ಲಿ ಹೂತು, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ಹುಡುಕಲು ಹೇಳಿದರು. ನನ್ನ ಬೀಕನ್ನಿನ ಬಾಣ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನನ್ನ ಹೊಟ್ಟೆಯ ಕಡೆಗೆ ತೋರಿಸಿತು. ನಾನು ಗಾಣದ ಎತ್ತಿನ ಹಾಗೆ ನಿಂತಲ್ಲೇ ಸುತ್ತಿದೆ. ಕೊನೆಗೆ ಮೈನೋದ್ದೀನ ಕೂಗಿದ, "ಏ ಶರಣಾ, ಕಿಸೇದಾಗಿನ ಫೋನು ಬಂದ್ ಮಾಡು. ನಿನ್ನ ನೀನೇ ಹುಡುಕಾಕತ್ತಿ."

ಫೋನು ಆರಿಸಿ ದೂರ ಇಟ್ಟಮೇಲೆ ಬಾಣ ನೆಟ್ಟಗಾಯಿತು. ಚೀಲ ಸಿಕ್ಕಾಗ ಇಂಗ್ರಿಡ್ ನನ್ನ ಬೆನ್ನು ತಟ್ಟಿದರು. ಏಳನೆಯ ಇಯತ್ತೆ ಪಾಸಾದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಬಿದ್ದರೂ ನೋವಾಗದ ನೆಲ

ಹಿಮಬಂಡಿ ಎಂದರೆ ಹಿಮದ ಮೇಲೆ ಓಡುವ ಬೈಕು. ಅದಕ್ಕೆ ಮುಂದೆ ಎರಡು ಜಾರುಪಟ್ಟಿ, ಹಿಂದೆ ಒಂದು ಅಗಲವಾದ ರಬ್ಬರ್ ಪಟ್ಟಾ. ಹೆಬ್ಬೆರಳಿನಿಂದ ಒತ್ತಿದರೆ ಓಡುತ್ತದೆ. ಆ ಒತ್ತುವ ಪಟ್ಟಿಯನ್ನು ನಾನು ಹಾರ್ನ್ ಎಂದುಕೊಂಡೆ. ಹೊರಡುವ ಮುನ್ನ ಒಮ್ಮೆ ಬಾರಿಸಿ ಹೊರಡೋಣ ಎಂದು ಗಟ್ಟಿಯಾಗಿ ಒತ್ತಿದೆ. ಬಂಡಿ ಕೆರಳಿದ ಹೋರಿಯ ಹಾಗೆ ನೆಗೆಯಿತು. ಅದು ಮುಂದೆ ಹೋಗಿ ತಾನೇ ನಿಂತಿತು, ನಾನು ಹಿಂದೆ ಹಿಮದ ಗುಡ್ಡೆಯೊಳಗೆ ಕುತ್ತಿಗೆಯವರೆಗೆ ಕುಳಿತಿದ್ದೆ.

ಎಲ್ಲಿ ಮುರಿದಿದೆ ಎಂದು ಮೈಯನ್ನೆಲ್ಲ ತಡವಿ ನೋಡಿಕೊಂಡೆ. ಏನೂ ಆಗಿರಲಿಲ್ಲ. ಕೆರೆದ ಗಾಯ ಕೂಡ ಇಲ್ಲ. ಹುಟ್ಟಿದಾಗಿನಿಂದ ನಾನು ಕಲ್ಲಿನ ಮೇಲೆ ಬದುಕಿದವನು. ನಮ್ಮ ಮನೆಯ ನೆಲ ಕಲ್ಲು, ಗೋಡೆ ಕಲ್ಲು, ಛಾವಣಿ ಕಲ್ಲು. ಸಣ್ಣವನಿದ್ದಾಗ ಬಿದ್ದ ಒಂದೊಂದು ಸಲಕ್ಕೂ ಮೊಣಕಾಲಿನಲ್ಲಿ ಗುರುತಿದೆ. ಬಿದ್ದರೆ ನೋವಾಗದ ನೆಲವೂ ಭೂಮಿಯ ಮೇಲೆ ಇದೆ ಎಂದು ಆ ಹೊತ್ತು ಗೊತ್ತಾಗಿ ನನಗೆ ಹುಚ್ಚು ನಗು ಬಂತು. ಎದ್ದು, ಬೇಕೆಂದೇ ಇನ್ನೊಮ್ಮೆ ಬಿದ್ದೆ. ಅಂಗಾತ ಬಿದ್ದೆ. ಬೋರಲು ಬಿದ್ದೆ.

"ಇವನ ತಲಿಗಿ ಪೆಟ್ಟು ಬಿದ್ದದ ಕಾಣಸ್ತದ" ಅಂದ ಮೈನೋದ್ದೀನ. ಆಮೇಲೆ ಅವನೂ ಜಾಕೀಟಿನ ಗುಂಡಿ ಹಾಕಿಕೊಂಡು, ಬಿಸ್ಮಿಲ್ಲಾ ಎಂದು ಹಿಂದಕ್ಕೆ ಒರಗಿಬಿಟ್ಟ. ಇಬ್ಬರೂ ಅರವತ್ತರ ಆಸುಪಾಸಿನ ಗಂಡಸರು, ಹಿಮದಲ್ಲಿ ಬಿದ್ದುಕೊಂಡು ಆಕಾಶ ನೋಡುತ್ತ ಮಕ್ಕಳಂತೆ ನಕ್ಕೆವು. ಇಂಗ್ರಿಡ್ ಸೊಂಟದ ಮೇಲೆ ಕೈಯಿಟ್ಟು ಕಾದು ನಿಂತಿದ್ದರು.

ತಲಾ ಒಂದು ಬೀಕನ್, ಒಂದು ವಾಕಿಟಾಕಿ ಮೈಗೆ ಕಟ್ಟಿ, ಬೆನ್ನಚೀಲದಲ್ಲಿ ಸಲಿಕೆ ಇಟ್ಟುಕೊಂಡು, ಕಪ್ಪು ಹಲಗೆಯ ಮೇಲೆ ಹೆಸರು ಬರೆದು ಹೊರಟೆವು. ಇಂಗ್ರಿಡ್ ಅವರ ಬಂಡಿಯ ಹಿಂದಿನ ಸೀಟಿನಲ್ಲಿ ಮೈನೋದ್ದೀನ, ಅವರ ಜಾಡಿನಲ್ಲೇ ನನ್ನ ಸಣ್ಣ ಬಂಡಿ. ದೇವದಾರು ಮರಗಳ ನಡುವೆ ಸುತ್ತಿ ಸುತ್ತಿ ಏರಿ, ಬೆಟ್ಟದ ಒಂದು ಏಣು ದಾಟಿ, ತಟ್ಟನೆ ಬಯಲಿಗೆ ಬಂದೆವು. ಅಂಥ ಬೆಳಕು ನಾನು ನೋಡಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಪಾಲಿಶ್ ಕಾರ್ಖಾನೆಗಳ ಸುತ್ತ ಗಿಡ, ದನ, ಮನುಷ್ಯರ ಹುಬ್ಬು ಎಲ್ಲವೂ ಕಲ್ಲಿನ ಪುಡಿಯಿಂದ ಬೆಳ್ಳಗಿರುತ್ತವೆ. ಇದು ಆ ಬಿಳಿಯನ್ನು ನೂರು ಸಲ ತೊಳೆದ ಹಾಗಿತ್ತು. ಹೆಬ್ಬೆರಳು ಒತ್ತಿದೆ. ಹೆಲ್ಮೆಟ್ಟಿನೊಳಗೆ ನನಗೆ ಗೊತ್ತಿದ್ದ ಎಲ್ಲ ಹಾಡುಗಳನ್ನೂ ಅರ್ಧರ್ಧ ಹಾಡಿದೆ.

ಊಟಕ್ಕೆ ಬಯಲಿನ ನಡುವೆ ನಿಂತೆವು. ಇಂಗ್ರಿಡ್ ತಂದ ಬ್ರೆಡ್ಡು ಚಳಿಗೆ ಕಲ್ಲಾಗಿತ್ತು. ನಮ್ಮ ರೊಟ್ಟಿ ಮನೆಯಿಂದಲೇ ಕಡಕ್ ಆಗಿ ಬಂದಿದ್ದರಿಂದ ಚಳಿಗೆ ಮಾಡಲು ಹೊಸದೇನೂ ಉಳಿದಿರಲಿಲ್ಲ. ಇಂಗ್ರಿಡ್ ಶೇಂಗಾ ಹಿಂಡಿಯಲ್ಲಿ ಬೆರಳು ಅದ್ದಿ ತಿಂದು ಮತ್ತೆ ಕೈ ಚಾಚಿದರು.

ಮೂರು ಸೀಟಿ

ಊಟವಾದ ಮೇಲೆ ಇಂಗ್ರಿಡ್, ಕೆಳಗಿನ ಹಳ್ಳದ ಮೇಲೆ ಹಿಮ ಗಟ್ಟಿಯಿದೆಯೇ ನೋಡಿ ಬರುತ್ತೇನೆ, ನೀವಿಬ್ಬರೂ ಇಲ್ಲಿಂದ ಅಲುಗಬೇಡಿ ಎಂದು ಒಬ್ಬರೇ ಬಂಡಿ ತೆಗೆದುಕೊಂಡು ಮರಗಳೊಳಗೆ ಇಳಿದರು. ಎಂಜಿನ್ನಿನ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಒಮ್ಮೆ ಜೋರಾಗಿ ಒದರಿ ನಿಂತುಹೋಯಿತು.

ಮೈನೋದ್ದೀನ ವಾಕಿಟಾಕಿಯಲ್ಲಿ ಕರೆದ. ಉತ್ತರವಿಲ್ಲ. ಇನ್ನೊಮ್ಮೆ ಕರೆದ. ಆಗ ಮರಗಳ ಕಡೆಯಿಂದ ಸೀಟಿ ಕೇಳಿಸಿತು. ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ.

ಅವನ ಮುಖದ ನಗು ಇಳಿದುಹೋಯಿತು. "ನಡಿ" ಅಂದ. ಬೆನ್ನಚೀಲದ ಸಲಿಕೆ ತೆಗೆದುಕೊಂಡು ಬಂಡಿಯ ಜಾಡು ಹಿಡಿದು ಇಳಿದೆವು.

ಹಳ್ಳದ ಮೇಲಿನ ಹಿಮ ಬಾಯಿಬಿಟ್ಟಿತ್ತು. ಬಂಡಿಯ ಮೂತಿ ಆ ಕುಣಿಯೊಳಗಿತ್ತು. ಇಂಗ್ರಿಡ್ ಮಗ್ಗುಲಾಗಿ ಬಿದ್ದಿದ್ದರು, ಅವರ ಎಡಗಾಲು ಬಂಡಿಗೂ ಒಂದು ಬಂಡೆಗೂ ನಡುವೆ ಸಿಕ್ಕಿತ್ತು. ಅವರ ವಾಕಿಟಾಕಿ ನೀರಿಗೆ ಬಿದ್ದಿತ್ತು. ಅವರ ತುಟಿ ಬೆಳ್ಳಗಾಗಿತ್ತು, ಆದರೆ ದನಿ ಬೆಳಗಿನ ಪಾಠದ್ದೇ. "ಕಾಲು ಮುರಿದಿದೆ. ಬೂಟಿನೊಳಗೆ ನೀರು ಹೋಗಿದೆ. ಬಂಡಿಯನ್ನು ನನ್ನ ಕಡೆಗೆ ಉರುಳಿಸಬೇಡಿ" ಅಂದರು.

ಇಬ್ಬರಿಂದ ಎತ್ತಲಾಗದ ಭಾರ ಅದು. ಆದರೆ ಎತ್ತಲಾಗದ ಭಾರವನ್ನು ಸರಿಸುವುದೇ ನನ್ನ ಕಸುಬು. ಬಿದ್ದಿದ್ದ ಮರದ ಗಟ್ಟಿಯಾದ ಕೊಂಬೆಯೊಂದನ್ನು ಹಾರೆಯ ಹಾಗೆ ಬಂಡಿಯ ಅಡಿಗೆ ತೂರಿಸಿದೆ. ಅದರ ಕೆಳಗೆ ಒಂದು ತುಂಡು ದಿಮ್ಮಿ ಇಟ್ಟೆ. ಗಣಿಯಲ್ಲಿ ಹಾಸುಗಲ್ಲನ್ನು ಮೊದಲ ಸಲ ಅಲುಗಿಸುವಾಗ ಹೇಗೆ ಎದೆಭಾರ ಹಾಕುತ್ತೇವೋ ಹಾಗೆ ಕೊಂಬೆಯ ತುದಿಯ ಮೇಲೆ ಮಲಗಿದೆ.

"ನಾ ಹೂಂ ಅಂದಾಗ ಎಳಿ. ಅದಕ್ಕಿಂತ ಮೊದಲು ಎಳೀಬ್ಯಾಡ" ಅಂದೆ.

ಬಂಡಿ ನಾಲ್ಕು ಬೆರಳಷ್ಟು ಎದ್ದಿತು. ಹೂಂ ಅಂದೆ. ಮೈನೋದ್ದೀನ ಇಂಗ್ರಿಡ್ ಅವರ ಕಂಕುಳಲ್ಲಿ ಕೈಹಾಕಿ ಹಿಂದಕ್ಕೆ ಎಳೆದ. ಅವರು ಒಂದು ಸಲ ಮಾತ್ರ ನರಳಿದರು. ಕಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ಬಾಗಿತ್ತು. ಅವರೇ ಹೇಳಿಕೊಟ್ಟಂತೆ ಬೂಟಿನ ಪಟ್ಟಿ ಬಿಚ್ಚಿ, ಅಲುಗಾಡಿಸದೆ ನಿಧಾನಕ್ಕೆ ಹಸಿ ಬೂಟು, ಕಾಲುಚೀಲ ತೆಗೆದು ಒರೆಸಿದೆವು. ಬದಲಿ ಕಾಲುಚೀಲ ಅವರ ಬಂಡಿಯ ಡಬ್ಬಿಯಲ್ಲಿತ್ತು, ಡಬ್ಬಿ ನೀರಿನಲ್ಲಿತ್ತು. ಮೈನೋದ್ದೀನ ಹೆಲ್ಮೆಟ್ ತೆಗೆದು, ತನ್ನ ಮಂಕಿ ಕ್ಯಾಪ್ ಕಳಚಿ ಅವರ ಪಾದಕ್ಕೆ ಹಾಕಿದ. ಕಣ್ಣು ಮೂಗಿಗೆಂದು ಬಿಟ್ಟ ತೂತಿನಲ್ಲಿ ಹೆಬ್ಬೆರಳು ಕಾಣಿಸಿತು. ಅದನ್ನು ಕೈವಸ್ತ್ರದಿಂದ ಮುಚ್ಚಿದ. ಸಲಿಕೆಯ ಹಿಡಿ, ಎರಡು ಕೊಂಬೆ, ನನ್ನ ಶಾಲು ಸೇರಿಸಿ ಕಾಲಿಗೆ ಆಸರೆ ಕಟ್ಟಿದೆವು.

ಇಂಗ್ರಿಡ್ ಎದೆಯ ಪಟ್ಟಿಯಿಂದ ಮೆಸೆಂಜರ್ ಬಿಚ್ಚಿಕೊಟ್ಟು, "ಒತ್ತಿ" ಅಂದರು.

ಮೈನೋದ್ದೀನ ಮುಚ್ಚಳ ತೆಗೆದು ಗುಂಡಿ ಒತ್ತಿ ಹಿಡಿದ. ದೀಪ ಮಿನುಗಿತು. ಸಂದೇಶ ಹೋಗಲಿಲ್ಲ. ದೀಪ ಮಿನುಗುತ್ತಲೇ ಇತ್ತು. ಅವನು ತಲೆಯೆತ್ತಿ ನೋಡಿದ. ಎರಡು ಕಡೆ ಕಡಿದಾದ ದಂಡೆ, ಮೇಲೆ ಒತ್ತೊತ್ತಾದ ಮರಗಳ ತುದಿ.

"ಇದಕ್ಕ ಇಲ್ಲಿ ಆಕಾಶ ಕಾಣವಲ್ದು" ಅಂದ. "ಬಯಲಿಗಿ ಒಯ್ಯಬೇಕು. ನನ್ನ ಮೊಣಕಾಲು ಈ ಏರು ಹತ್ತಂಗಿಲ್ಲ. ನೀ ಹೋಗು. ನಾ ಅಕ್ಕೋರ ಹತ್ರ ಇರ್ತೀನಿ."

"ನನಗ ಇಂಗ್ಲಿಷ್ ಬರೂದಿಲ್ಲಲ್ಲೋ."

"ವಾಕಿಟಾಕಿ ಅದ. ಒಂದು ನಿನ್ನ ಕಡಿ, ಒಂದು ನನ್ನ ಕಡಿ. ನಾ ಹೇಳ್ತೀನಿ, ನೀ ಬರಿ."

ಬಯಲು

ಇಳಿಯುವಾಗ ಮುನ್ನೂರು ಹೆಜ್ಜೆ ಇದ್ದದ್ದು ಏರುವಾಗ ಮೂರು ಸಾವಿರವಾಯಿತು. ಜಾಡು ತಪ್ಪಿದಲ್ಲೆಲ್ಲ ಸೊಂಟದವರೆಗೆ ಹೂತೆ. ಬೆಳಿಗ್ಗೆ ಬಿದ್ದು ಬಿದ್ದು ನಕ್ಕಿದ್ದ ಅದೇ ಹಿಮ ಈಗ ಕಾಲು ಹಿಡಿದು ಎಳೆಯುತ್ತಿತ್ತು. ಬಯಲಿನ ನಡುವೆ ಬಂದು ಮೆಸೆಂಜರನ್ನು ಅಂಗೈಯ ಮೇಲಿಟ್ಟು ಆಕಾಶಕ್ಕೆ ತೋರಿಸಿದೆ. ಮಿನುಗುತ್ತಿದ್ದ ದೀಪ ಹಸಿರಾಯಿತು. ಒಂದೆರಡು ನಿಮಿಷದಲ್ಲಿ ಅದು ಕೈಯಲ್ಲಿ ನಡುಗಿತು. ಎಲ್ಲೋ ಯಾರೋ ಬರೆದಿದ್ದರು: ನಿಮ್ಮ ಕರೆ ಬಂದಿದೆ. ಏನಾಗಿದೆ?

ಕನ್ನಡಕಕ್ಕೆ ಮಂಜು ಹಿಡಿದಿತ್ತು. ಒರೆಸಿ ವಾಕಿಟಾಕಿಯಲ್ಲಿ ಓದಿ ಹೇಳಿದೆ, ಒರೆಸಿ ಮೈನೋದ್ದೀನ ಹೇಳಿದಂತೆ ಬರೆದೆ. ಕಾಲು ಮುರಿದಿದೆ, ಹೆಂಗಸು, ಮೂವರಿದ್ದೇವೆ.

ಅವರಿಗೆ ಪ್ರಜ್ಞೆ ಇದೆಯೇ ಎಂದು ಕೇಳಿದರು. ನಾನು ವಾಕಿಟಾಕಿಯಲ್ಲಿ ಮೈನೋದ್ದೀನನನ್ನು ಕೇಳಿದೆ.

"ಹೋಶ್‌ನಾಗ ಅದಾರೇನಂತ ಕೇಳ್ತಿ? ಗಂಟು ಸರಿ ಕಟ್ಟಿಲ್ಲಂತ ನನಗ ಬೈಯಾಕತ್ತಾರ."

ಪ್ರಜ್ಞೆ ಇದೆ, ಬೈಯುತ್ತಿದ್ದಾರೆ ಎಂದು ಬರೆದೆ. ಒಳ್ಳೆಯ ಲಕ್ಷಣ ಎಂದು ಉತ್ತರ ಬಂತು.

ಹೆಲಿಕಾಪ್ಟರ್ ಹೊರಡುತ್ತಿದೆ, ಇಳಿಯಲು ಸಮತಟ್ಟು ಜಾಗ ಇದೆಯೇ ಅಂದರು. ಇದೆ ಎಂದೆ. ನಾನು ಬಯಲಿನ ಹಿಮವನ್ನು ಕಾಲಿನಿಂದ ತುಳಿದು ಗಟ್ಟಿ ಮಾಡತೊಡಗಿದೆ. ಕೊರಳಿಗೆ ಸುತ್ತಿದ್ದ ಕೆಂಪು ಟವೆಲ್ ಬೀಸಲೇ ಎಂದು ಕೇಳಿದರೆ, ಬೇಡ, ಹಾರುವಂಥದ್ದು ಯಾವುದೂ ಹೊರಗಿರಬಾರದು, ರೆಕ್ಕೆಗೆ ಸಿಕ್ಕೀತು ಅಂದರು. ಟವೆಲನ್ನು ಮಡಿಸಿ ಅದರ ಮೇಲೆ ಕುಳಿತೆ. ಸಹಾಯ ಬೇಕೆಂದು ತೋರಿಸಲು ಎರಡೂ ಕೈಗಳನ್ನು ಮೇಲಕ್ಕೆ ಅಗಲಿಸಿ ನಿಲ್ಲಬೇಕು ಎಂದು ಬಂತು. ಮರೆತುಬಿಟ್ಟೇನು ಎಂಬ ಭಯಕ್ಕೆ ಆಗಲೇ ಎದ್ದು ಕೈ ಎತ್ತಿ ನಿಂತೆ.

"ಏನ್ ಮಾಡಾಕತ್ತಿ?" ಎಂದ ಮೈನೋದ್ದೀನ.

"ಕೈ ಎತ್ತಿ ನಿಂತೀನಿ."

"ಹೆಲಿಕಾಪ್ಟರ್ ಕಾಣಸ್ತದೇನು?"

"ಇನ್ನೂ ಇಲ್ಲ."

"ಹಂಗಾರ ಕೈ ಇಳಸು. ಬಂದಾಗ ನೋವು ಹತ್ತಿ ಎತ್ತಾಕ ಬರಂಗಿಲ್ಲ."

ಅದಾದಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಅಂಥ ನಿಶ್ಶಬ್ದ ನಮ್ಮ ಕಡೆ ಇಲ್ಲ. ಎಲ್ಲಿ ನಿಂತರೂ ಒಂದು ಗೂಡ್ಸ್ ಗಾಡಿಯೋ ಕಲ್ಲು ಕೊಯ್ಯುವ ಯಂತ್ರವೋ ಕೇಳಿಸುತ್ತದೆ. ಪಶ್ಚಿಮದ ಬೆಟ್ಟದ ಮೇಲೆ ಮೋಡ ಕೂತಿತು. ಮೋಡ ಇಳಿದರೆ ಹೆಲಿಕಾಪ್ಟರ್ ಬರಲಾರದು ಎಂದು ನನಗೂ ತಿಳಿಯುತ್ತಿತ್ತು. ಆಗ ವಾಕಿಟಾಕಿಯಲ್ಲಿ ಮೈನೋದ್ದೀನನ ದನಿ ತಗ್ಗಿ ಬಂತು.

"ಶರಣಾ, ಅಕ್ಕೋರ ಮಾತು ಕಡಿಮಿ ಆಗ್ಯಾವ. ಭಾಳ ನಡಗಾಕತ್ತಾರ."

"ನಿನ್ನ ಜಾಕೀಟು ಹಾಕು."

"ಹಾಕೀನಿ. ನಾ ಏನ್ ಕೇಳಿದ್ರೂ ಬರೀ ಹೂಂ ಅಂತಾರ."

ಅವರು ಸುಮ್ಮನಾಗುತ್ತಿದ್ದಾರೆ ಎಂದು ಬರೆಯಲು ಮೂರು ಸಲ ತಪ್ಪಿದೆ. ಉತ್ತರ ಬೇಗ ಬಂತು: ಇಪ್ಪತ್ತು ನಿಮಿಷ. ನೆಲದಿಂದ ಮೇಲೆತ್ತಿ ಏನಾದರೂ ಹಾಸಿ. ಮಾತಾಡಿಸುತ್ತಲೇ ಇರಿ, ನಿದ್ದೆ ಮಾಡಗೊಡಬೇಡಿ.

ಮೈನೋದ್ದೀನನಿಗೆ ಹೇಳಿದೆ. ಆಮೇಲೆ ಅವನ ವಾಕಿಟಾಕಿಯ ಗುಂಡಿ ಚಳಿಗೆ ಒತ್ತಿಕೊಂಡೇ ಉಳಿಯಿತೋ ಏನೋ, ಕೆಳಗಿನದೆಲ್ಲ ನನಗೆ ಕೇಳಿಸುತ್ತಲೇ ಇತ್ತು. ಅವನು ಕೊಂಬೆ ಮುರಿದು ಹಾಸುವ ಸದ್ದು. ಆಮೇಲೆ ಅವನ ಇಂಗ್ಲಿಷ್. "ಮೇಡಂ, ಈ ವಾಕಿಟಾಕಿ ಎಷ್ಟು ವಾಟ್?" ಇಂಗ್ರಿಡ್ ಏನೋ ಗೊಣಗಿದರು. "ತಪ್ಪು ಮೇಡಂ, ಬೆಳಿಗ್ಗೆ ನೀವು ಐದು ಅಂದಿದ್ದಿರಿ." ಆಮೇಲೆ ಇಂಗ್ರಿಡ್ ದನಿ ಸ್ಪಷ್ಟವಾಗಿ, ಸಿಟ್ಟಿನಿಂದ ಬಂತು: "ನಾನು ಐದು ಎಂದು ಹೇಳಲೇ ಇಲ್ಲ."

ನಾನು ಬಯಲಿನಲ್ಲಿ ಒಬ್ಬನೇ ನಿಂತು ಕಣ್ಣೊರೆಸಿಕೊಂಡೆ. ಕಣ್ಣೀರು ರೆಪ್ಪೆಗೇ ಅಂಟಿತು.

ಸದ್ದು ಮೊದಲು ಬಂತು, ಹೆಲಿಕಾಪ್ಟರ್ ಆಮೇಲೆ. ಎರಡೂ ಕೈ ಎತ್ತಿ ನಿಂತೆ. ಹಿಮದ ಬಿರುಗಾಳಿಯೊಂದು ಎದ್ದು ನನ್ನನ್ನು ಕೆಡವಿತು, ಬಿದ್ದಲ್ಲಿಂದಲೇ ಕೈ ಎತ್ತಿ ಹಿಡಿದೆ. ಇಬ್ಬರು ಸ್ಟ್ರೆಚರ್ ಹಿಡಿದು ಇಳಿದು, ನಾನು ತೋರಿಸಿದ ಜಾಡಿನಲ್ಲಿ ಮರಗಳೊಳಗೆ ಹೋದರು. ಅವರು ಇಂಗ್ರಿಡ್ ಅವರನ್ನು ಮೇಲಕ್ಕೆ ತಂದಾಗ ಮಂಕಿ ಕ್ಯಾಪ್ ಹಾಕಿದ ಪಾದ ಕಂಬಳಿಯಿಂದ ಹೊರಗಿತ್ತು. ರಕ್ಷಣೆಯವನೊಬ್ಬ ಅದನ್ನೇ ನೋಡಿ, ಇದು ಯಾರ ಉಪಾಯ ಎಂದು ಕೇಳಿದ. ಬೋಳುತಲೆಯ ಮೇಲೆ ಹಿಮ ಕೂತಿದ್ದ ಮೈನೋದ್ದೀನ ಕೈ ಎತ್ತಿದ.

ರಕ್ಷಣೆಯವರು ಸುದ್ದಿ ಮುಟ್ಟಿಸಿದ್ದರಿಂದ ವಾಲ್ಟರ್ ಆಗಲೇ ಹೊರಟಿದ್ದರು. ಬೆಳಕಿರುವಾಗಲೇ ತಮ್ಮ ಬಂಡಿಯಲ್ಲಿ ಬಂದು ತಲುಪಿ, ನಮ್ಮಿಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡರು. ಮನೆಗೆ ಮರಳಿದಾಗ ಕಪ್ಪು ಹಲಗೆಯ ಮೇಲಿನ ಹೆಸರುಗಳನ್ನು ಅವರೇ ಒಂದೊಂದಾಗಿ ಒರೆಸಿದರು.

ಮತ್ತೆ ಮೇಲಕ್ಕೆ

ಇಂಗ್ರಿಡ್ ಅವರ ಕಾಲಿಗೆ ಸರಳು ಹಾಕಿದರು. ಮೂರನೆಯ ದಿನ ಆಸ್ಪತ್ರೆಯಿಂದ ಫೋನ್ ಮಾಡಿದರು. ಮೊದಲು ತಮ್ಮ ತಪ್ಪು ಹೇಳಿಕೊಂಡರು. ಹಳ್ಳದ ಹತ್ತಿರ ಒಬ್ಬರೇ ಹೋಗಬಾರದಿತ್ತು, ಜೊತೆಗಾರರು ಕಾಣುವಷ್ಟು ದೂರದಲ್ಲಿರಬೇಕಿತ್ತು ಎಂದು. ಆಮೇಲೆ, ನೀವು ಮತ್ತೆ ಬೆಟ್ಟಕ್ಕೆ ಹೋದಿರಾ ಎಂದು ಕೇಳಿದರು.

ಹೋಗಿರಲಿಲ್ಲ. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ನನಗೆ ಆ ಮಿನುಗುವ ದೀಪವೇ ಕಾಣುತ್ತಿತ್ತು. ಮೈನೋದ್ದೀನನಂತೂ ಕಿಟಕಿಗೆ ಬೆನ್ನು ಮಾಡಿಯೇ ಕೂರುತ್ತಿದ್ದ.

"ಹಾಗೇ ಊರಿಗೆ ಹೋದರೆ ಇದು ಸಾಯುವ ಜಾಗ ಎಂದು ಎಲ್ಲರಿಗೂ ಹೇಳುತ್ತೀರಿ. ನಾಳೆ ವಾಲ್ಟರ್ ಜೊತೆ ಹೋಗಿ" ಅಂದರು ಇಂಗ್ರಿಡ್.

ಮೈನೋದ್ದೀನ ನನ್ನ ಮುಖ ನೋಡಿದ. "ಅಕ್ಕೋರು ಹೇಳ್ಯಾರಂದ್ರ ಮುಗೀತು. ಹೋಗೂಣು" ಅಂದ.

ಮರುದಿನ ಬೇರೊಂದು ದಾರಿಯಲ್ಲಿ, ಎರಡು ಬೆಟ್ಟಗಳ ನಡುವಿನ ಒಂದು ಎತ್ತರದ ಜಾಗಕ್ಕೆ ಹೋದೆವು. ಮೆಸೆಂಜರ್ ಈ ಸಲ ನನ್ನ ಎದೆಯ ಮೇಲಿತ್ತು. ಮೊದಲ ಅರ್ಧ ಗಂಟೆ ಹೆಬ್ಬೆರಳು ಒತ್ತಲು ಹೆದರಿದೆ. ಆಮೇಲೆ ಬಿಸಿಲು ಬಂತು, ಹಿಮ ಹೊಳೆಯಿತು, ಹೆಬ್ಬೆರಳು ತಾನಾಗಿಯೇ ಒತ್ತಿತು. ಮೇಲೆ ನಿಂತಾಗ ನಾಲ್ಕು ದಿಕ್ಕಿಗೂ ಬೆಟ್ಟದ ಮೇಲೆ ಬೆಟ್ಟ. ನನಗೆ ಕಾರಣವಿಲ್ಲದೆ ನಗು ಬಂತು, ನನ್ನನ್ನು ನೋಡಿ ಮೈನೋದ್ದೀನನಿಗೂ ಬಂತು, ನಮ್ಮಿಬ್ಬರನ್ನು ನೋಡಿ ವಾಲ್ಟರ್ ಅವರಿಗೂ.

ಅಲ್ಲಿ ಇನ್ನಿಬ್ಬರು ನಿಂತಿದ್ದರು. ಕೆಂಪು ಗಡ್ಡದ ದೊಡ್ಡ ಆಳು ಒಬ್ಬ, ಅವನ ತಂದೆಯಾದ ಮುದುಕರೊಬ್ಬರು. ಅವರ ಬಂಡಿಯ ಬೆಲ್ಟ್ ಹರಿದಿತ್ತು. ವಾಲ್ಟರ್ ಬದಲಿ ಬೆಲ್ಟ್ ತೆಗೆದು ಕೆಲಸಕ್ಕೆ ಕೂತರು. ಆದರೆ ಮಗನ ಚಿಂತೆ ಬೆಲ್ಟಿನದಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ಬರುತ್ತೇವೆಂದು ತಾಯಿಗೆ ಬರೆದಿಟ್ಟು ಬಂದಿದ್ದಾನೆ, ಬರದಿದ್ದರೆ ಆಕೆ ರಕ್ಷಣೆಯವರಿಗೆ ಕರೆ ಮಾಡುತ್ತಾಳೆ. ಅವನ ಫೋನು ಚಳಿಗೆ ಸತ್ತಿತ್ತು.

"ನಿಮ್ಮ ಬಳಿ ಸಂದೇಶ ಕಳಿಸುವಂಥದ್ದು ಏನಾದರೂ ಇದೆಯೇ?" ಎಂದು ಕೇಳಿದ.

ಕೈತುಂಬ ಗ್ರೀಸ್ ಆಗಿದ್ದ ವಾಲ್ಟರ್ ಗದ್ದದಿಂದ ನನ್ನ ಕಡೆ ತೋರಿಸಿದರು. ಅವನು ನನ್ನೆದುರು ಬಂದು ನಿಂತ. ನಾನು ಜಾಕೀಟಿನೊಳಗೆ ಕೈಹಾಕಿ ಬೆಚ್ಚಗಿದ್ದ ಮೆಸೆಂಜರನ್ನು ತೆಗೆದೆ. ಅವನು ತಾಯಿಯ ನಂಬರು ಹೇಳಿದ, ಮೈನೋದ್ದೀನ ಒಂದೊಂದೇ ಅಂಕಿಯನ್ನು ಮತ್ತೆ ಗಟ್ಟಿಯಾಗಿ ಹೇಳಿ ತಾಳೆ ನೋಡಿದ. ಇಬ್ಬರೂ ಆರಾಮ, ಬೆಲ್ಟ್ ಹರಿದಿದೆ, ಎರಡು ಗಂಟೆ ತಡ, ಯಾರಿಗೂ ಕರೆ ಮಾಡಬೇಡ ಎಂದು ಬರೆದು ಕಳಿಸಿದೆ.

ಐವರೂ ಕಾದೆವು. ವಾಲ್ಟರ್ ಕೂಡ ಪಾನಾ ಕೆಳಗಿಟ್ಟರು. "ಅವಳು ಆಗಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ" ಎಂದರು ಮುದುಕರು. ಸ್ವಲ್ಪ ಹೊತ್ತಿಗೆ ಅದು ನನ್ನ ಅಂಗೈಯಲ್ಲಿ ನಡುಗಿತು. ಕನ್ನಡಕ ಒರೆಸಿ ಗಟ್ಟಿಯಾಗಿ ಓದಿದೆ: ಸರಿ. ಸೂಪು ಒಲೆಯ ಮೇಲಿರುತ್ತದೆ. ನಿನ್ನ ಅಪ್ಪ ಟೋಪಿ ಹಾಕಿಕೊಂಡಿದ್ದಾರೆಯೇ?

ಎಲ್ಲರೂ ಮುದುಕರ ತಲೆಯ ಕಡೆ ನೋಡಿದೆವು. ಅವರು ಕಿಸೆಯಿಂದ ಉಣ್ಣೆಯ ಟೋಪಿ ತೆಗೆದು ಕಿವಿ ಮುಚ್ಚುವ ಹಾಗೆ ಎಳೆದುಕೊಂಡರು.

ಹೌದು, ಈಗ ಹಾಕಿಕೊಂಡರು ಎಂದು ಬರೆದು ಕಳಿಸಿದೆ.